ಸಹಾಯ ಬೇಕು: ಬಾವಿ ನೀರಿನಲ್ಲಿ ಕಾರ್ಬನ್ ಡಾಟ್ ಹೊಳಪು ಕುಗ್ಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದೇನೆ. ನೀರಿನಲ್ಲಿ ನೈಟ್ರೋಫಿನಾಲ್ ಪತ್ತೆ ಮಾಡುವುದು ನನ್ನ ಪ್ರಾಜೆಕ್ಟ್. ಮೀಥೈಲ್ ಪ್ಯಾರಾಥಿಯಾನ್‌ನಂಥ ಕೀಟನಾಶಕ ಒಡೆದಾಗ ಉಳಿಯುವ ವಿಷ ಇದು. ನಮ್ಮ ಬಾವಿ ಗದ್ದೆಯ ಅಂಚಿನಲ್ಲೇ ಇದೆ. ಅಮ್ಮ ಗಂಜಿ ಬೇಯಿಸುವುದು ಅದೇ ನೀರಿನಲ್ಲಿ. ಹಾಗಾಗಿ ಸುಮ್ನೆ ಮಾರ್ಕ್ಸ್‌ಗಾಗಿ ಮಾಡುತ್ತಿರುವ ಕೆಲಸ ಅಲ್ಲ.

ಸಿಟ್ರಿಕ್ ಆಸಿಡ್, ಯೂರಿಯಾ ಬಿಸಿ ಮಾಡಿ ಕಾರ್ಬನ್ ಡಾಟ್ ತಯಾರಿಸಿದೆ. 10 ನ್ಯಾನೋಮೀಟರ್‌ಗಿಂತ ಚಿಕ್ಕ ಇಂಗಾಲದ ಕಣಗಳು. ಯುವಿ ದೀಪದ ಕೆಳಗೆ ಚಂದದ ನೀಲಿ ಬೆಳಕು ಕೊಡುತ್ತವೆ. ಕ್ಷಾರದ ನೀರಿನಲ್ಲಿ ನೈಟ್ರೋಫಿನಾಲ್ 400 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಹೀರುತ್ತದೆ, ಡಾಟ್‌ಗಳ ಹೊಳಪು ಇಳಿಯುತ್ತದೆ; ಅದರಿಂದಲೇ ಅದು ನೀರಿನಲ್ಲಿದೆ ಎಂದು ತಿಳಿಯುವುದು. ಡಿಸ್ಟಿಲ್ಡ್ ವಾಟರ್‌ನಲ್ಲಿ ಎಲ್ಲ ಸರಿ. ಬಾವಿ ನೀರಿಗೆ ಬಂದರೆ ನೈಟ್ರೋಫಿನಾಲ್ ಹಾಕುವ ಮೊದಲೇ ಹೊಳಪು ಹೋಗುತ್ತಿದೆ!

ನಮ್ಮದು ಮುರಕಲ್ಲಿನ ನೆಲ, ನೀರಿನಲ್ಲಿ ಕಬ್ಬಿಣದ ಅಂಶ ಇದ್ದೇ ಇರುತ್ತದೆ. ಫೆರಿಕ್ ಅಯಾನು (ನೀರಿನಲ್ಲಿ ಕರಗಿದ ಕಬ್ಬಿಣದ ಒಂದು ರೂಪ) ಕೂಡ ಡಾಟ್‌ಗಳ ಹೊಳಪು ನಂದಿಸುತ್ತದೆ. ಅದೇ ಕಾರಣ ಇರಬೇಕು ಅಲ್ವಾ? ಇಡಿಟಿಎ (ಲೋಹದ ಅಯಾನುಗಳಿಗೆ ಅಂಟಿಕೊಳ್ಳುವ ರಾಸಾಯನಿಕ) ಹಾಕಿ ಕಬ್ಬಿಣವನ್ನು ಹಿಡಿದಿಟ್ಟವರು ಇಲ್ಲಿ ಇದ್ದೀರಾ? ಎಷ್ಟು ಹಾಕಿದಿರಿ, ಪಿಎಚ್ ಎಷ್ಟಿಟ್ಟಿರಿ?

ಇನ್ನೊಂದು ವಿಷಯ. ಈ ಹೊಳಪು ಅಳೆಯುವ ಯಂತ್ರ, ನಮ್ಮ ಲ್ಯಾಬ್‌ನ ಫ್ಲೋರಿಮೀಟರ್, ಕೆಟ್ಟಿದೆ. ಮಣಿಪಾಲ, ಸುರತ್ಕಲ್ ಅಥವಾ ಕೊಣಾಜೆ ಕಡೆ ಅರ್ಧ ದಿನ ಬಳಸಲು ಸಿಗಬಹುದಾ? ಫೀಸ್ ಇದ್ದರೆ ಕೊಡುತ್ತೇನೆ. ಗೊತ್ತಿದ್ದವರು ದಯವಿಟ್ಟು ಮೆಸೇಜ್ ಮಾಡಿ.