ಡಿಎಲ್‌ಐ ಪುಸ್ತಕಗಳ ನಕಲು: ಕಳ್ಳತನವೋ, ಕಾಪಾಡಿದ್ದೋ?

ಹಳೇಹೊತ್ತಗೆ: ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ (ಡಿಎಲ್‌ಐ) ನೆನಪಿದೆಯಾ? ಬೆಂಗಳೂರಿನ ಐಐಎಸ್‌ಸಿ ಮುಂದೆ ನಿಂತು ಮಾಡಿಸಿದ್ದು. ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಆಗಿದ್ದವು, ಕನ್ನಡದವೂ ಬೇಕಾದಷ್ಟಿದ್ದವು. ಹಕ್ಕುಸ್ವಾಮ್ಯದ ತಕರಾರು ಅಂತ 2017ರಲ್ಲಿ ಸೈಟ್ ಮುಚ್ಚಿತು. ಅಷ್ಟರಲ್ಲಿ ಕಾರ್ಲ್ ಮಲಮುಡ್ ಎಂಬ ಅಮೆರಿಕದವರು ಇಂಟರ್ನೆಟ್ ಆರ್ಕೈವ್ ಎಂಬ ಅಮೆರಿಕದ ಉಚಿತ ಆನ್‌ಲೈನ್ ಗ್ರಂಥಾಲಯಕ್ಕೆ ನಕಲು ಹಾಕಿದ್ದರು. ಇವತ್ತು ನಾವು ಓದುತ್ತಿರುವುದು ಆ ನಕಲನ್ನೇ. ಇದನ್ನು ಕಳ್ಳತನ ಅನ್ನುವವರಿಗೆ ಏನು ಹೇಳುವುದು?

ಅಚ್ಚುಮನೆ: ನಮ್ಮದು ಸಣ್ಣ ಪ್ರಕಾಶನ, ಅದಕ್ಕೇ ಕೇಳುತ್ತೇನೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆ ಹೋದದ್ದು 1981ರಲ್ಲಿ. ಅಂದರೆ 2041ರ ಕೊನೆವರೆಗೂ ಹಕ್ಕು ಮನೆಯವರದ್ದೇ. ಕನ್ನಡದಲ್ಲಿ ರಾಯಲ್ಟಿ ಬರುವುದೇ ಚೂರುಪಾರು. ಅದನ್ನೂ 'ಜ್ಞಾನ ಎಲ್ಲರದು' ಅಂತ ಕಿತ್ತುಕೊಳ್ಳಬೇಕಾ?

ಹಳೇಹೊತ್ತಗೆ: ಬೇಂದ್ರೆ ಪುಸ್ತಕ ಅಂಗಡಿಯಲ್ಲಿ ಸಿಗುತ್ತದೆ, ಕೊಂಡು ಓದೋಣ. ಆದರೆ ಬಿಎಂಶ್ರೀ, ಕೈಲಾಸಂ ಇಬ್ಬರೂ ಹೋದದ್ದು 1946ರಲ್ಲಿ. ಅವರ ಹಕ್ಕು 2006ಕ್ಕೇ ಮುಗಿಯಿತು. ಸೈಟ್ ಮುಚ್ಚಿದಾಗ ಇಂಥವೂ ಜೊತೆಗೇ ಹೋದವಲ್ಲ? ತಕರಾರಿನವನ್ನು ಮಾತ್ರ ತೆಗೆದಿದ್ದರೆ ಆಗುತ್ತಿರಲಿಲ್ಲವೇ? ಹಕ್ಕುದಾರರು ಯಾರೆಂದೇ ಗೊತ್ತಿಲ್ಲದ ಪುಸ್ತಕಗಳ ಗತಿಯಂತೂ ಕೇಳಲೇಬೇಡಿ.

ಮಲ್ನಾಡ್_ಮಾಣಿ: ಎಲ್ಲವನ್ನೂ ಒಂದೇ ಕಡೆ ಇಟ್ಟು ನೆಮ್ಮದಿಯಾಗಿರಬೇಡಿ. ಪುಸ್ತಕ ಸ್ಕ್ಯಾನ್ ಮಾಡಿ ಆನ್‌ಲೈನಿನಲ್ಲಿ ಎರವಲು ಕೊಡುತ್ತಾರೆ ಅಂತ ಇಂಟರ್ನೆಟ್ ಆರ್ಕೈವ್ ಮೇಲೆ ದೊಡ್ಡ ಪ್ರಕಾಶಕರು 2020ರಲ್ಲಿ ಕೇಸು ಹಾಕಿದರು. 2024ರ ಸೆಪ್ಟೆಂಬರಿನಲ್ಲಿ ಮೇಲ್ಮನವಿಯೂ ಸೋತಿತು. ಐದು ಲಕ್ಷಕ್ಕೂ ಜಾಸ್ತಿ ಪುಸ್ತಕಗಳನ್ನು ಎರವಲಿನಿಂದ ತೆಗೆಯಬೇಕಾಯಿತು. ಮರುತಿಂಗಳೇ ಹ್ಯಾಕರ್‌ಗಳು ನುಗ್ಗಿ ಸೈಟ್ ಎಷ್ಟೋ ದಿನ ಮಲಗಿತ್ತು.

ಅಚ್ಚುಮನೆ: ಕೇಸು ಮೈಮೇಲೆ ಎಳೆದುಕೊಂಡದ್ದು ಅವರೇ ಅಲ್ವಾ? ಮೊದಲು ಕೈಯಲ್ಲಿರುವ ಒಂದು ಪ್ರತಿಗೆ ಒಬ್ಬ ಓದುಗ ಅನ್ನುವ ಲೆಕ್ಕ ಇತ್ತು. ಕೋವಿಡ್ ಬಂದಾಗ ಅದನ್ನೂ ಬಿಟ್ಟರು.

ಒತ್ತಕ್ಷರ: ಕಾನೂನು ಪಕ್ಕಕ್ಕಿಡಿ, ಇರುವ ಪುಸ್ತಕ ಮೊದಲು ಸಿಗಬೇಕಲ್ಲ! ಡಿಎಲ್‌ಐನವರು ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ತೋಚಿದಂತೆ ಬರೆದಿಟ್ಟಿದ್ದಾರೆ. ಒಬ್ಬರೇ ಲೇಖಕರು ನಾಲ್ಕು ಸ್ಪೆಲಿಂಗಿನಲ್ಲಿ ಹರಿದು ಹಂಚಿಹೋಗಿರುತ್ತಾರೆ. ಕೆಲವು ಪುಟ ಓರೆ, ಕೆಲವು ಇಲ್ಲವೇ ಇಲ್ಲ. ಹಳೆ ಮೊಳೆ ಅಚ್ಚಿನ ಪುಟ ಕೊಟ್ಟರೆ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ಒತ್ತಕ್ಷರದಲ್ಲಿ ಮುಗ್ಗರಿಸುತ್ತದೆ. ಕೂತು ಹೆಸರು ತಿದ್ದುವವರು ಬೇಕು. ಸ್ಕ್ಯಾನ್ ಮಾಡಿದವರಿಗೆ ಸಿಗುವ ಚಪ್ಪಾಳೆ ಇವರಿಗೆ ಸಿಗುವುದಿಲ್ಲ, ಆ ಮಾತು ಬೇರೆ.

ಮಲ್ನಾಡ್_ಮಾಣಿ: ಹೌದು. ತಿದ್ದಿದ ಪಟ್ಟಿಯ ಜೊತೆ ಇನ್ನೊಂದು ಪ್ರತಿ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಇರಲಿ. ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಸೆಸ್ ಸುಮ್ನೆ ಕಟ್ಟುತ್ತಿದ್ದೇವಾ?

ಹಳೇಹೊತ್ತಗೆ: ಅಚ್ಚುಮನೆಯವರೇ, ನೀವು ಮತ್ತೆ ಅಚ್ಚು ಹಾಕದ ಹಳೆ ಪುಸ್ತಕಗಳನ್ನು ಯಾರು ಬೇಕಾದರೂ ಓದಿ ಹಂಚಬಹುದಾದ ಮುಕ್ತ ಲೈಸೆನ್ಸಿನಲ್ಲಿ ಬಿಡಬಹುದಲ್ಲ?

ಅಚ್ಚುಮನೆ: ನನ್ನ ಅಡ್ಡಿಯಿಲ್ಲ. ಆದರೆ ಹಕ್ಕು ಇರುವುದು ಲೇಖಕರ ಮನೆಯವರ ಕೈಯಲ್ಲಿ. ಮೂರು ಊರಲ್ಲಿ ಮೂರು ಮಕ್ಕಳು, ಮೂವರದ್ದೂ ಸಹಿ ಬೇಕು. ಓಡಾಡಿ ತರುವವರು ಇದ್ದರೆ ಹೇಳಿ, ವಿಳಾಸ ಕೊಡುತ್ತೇನೆ.