ಕುರ್ಚಿಯಲ್ಲಿ ಗರಗರ ತಿರುಗಿದರೆ ಬಸ್ಸಿನ ಭಯ ಹೋಗುತ್ತಾ?

ಪ್ರಶ್ನೆ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ:
ಹೋದ ಮಳೆಗಾಲ ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನಲ್ಲೇ ಎದೆ ಡಬಡಬ ಹೊಡೆದುಕೊಂಡಿತು. ಕೈ ಜೋಮು ಹಿಡಿಯಿತು. ಸತ್ತೇ ಅಂದುಕೊಂಡೆ. ಇಸಿಜಿ, ರಕ್ತ ಪರೀಕ್ಷೆ ಎಲ್ಲಾ ಸರಿ ಇದೆ. ಆದರೆ ಅವತ್ತಿಂದ ಬಸ್ಸು ಹತ್ತಿಲ್ಲ. ಉಡುಪಿಯಲ್ಲಿರುವ ಮಗಳನ್ನು ನೋಡಿ ಐದು ತಿಂಗಳಾಯಿತು. ಶಿವಮೊಗ್ಗದ ಥೆರಪಿಸ್ಟ್ ಕುರ್ಚಿಯಲ್ಲಿ ಕೂರಿಸಿ ತಿರುಗಿಸುತ್ತಾರೆ, ಸ್ಟ್ರಾದಲ್ಲಿ ಉಸಿರಾಡಿ ಅನ್ನುತ್ತಾರೆ. ಇದೆಂಥ ಚಿಕಿತ್ಸೆ ಮಾರಾಯ್ರೆ?

ಉತ್ತರ, ಸಾಗರದ ಆಪ್ತಸಮಾಲೋಚಕಿ:
ತಮಾಷೆ ಅಲ್ಲ ಸರ್, ಪ್ಯಾನಿಕ್‌ಗೆ, ಅಂದರೆ ಹೀಗೆ ದಿಢೀರ್ ಏರುವ ಭಯಕ್ಕೆ, ಚೆನ್ನಾಗಿ ಪರೀಕ್ಷೆಯಾದ ಸಿಬಿಟಿಯ (ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ) ಒಂದು ಭಾಗ. ನಿಮಗೆ ಭಯ ಬಸ್ಸಿಂದಲ್ಲ, ಎದೆ ಬಡಿತದ್ದು. ಬಡಿತ ಜಾಸ್ತಿಯಾದರೆ 'ಹಾರ್ಟ್ ಅಟ್ಯಾಕ್' ಅನಿಸುತ್ತದೆ. ಹಾಗನಿಸಿದ್ದಕ್ಕೇ ಬಡಿತ ಇನ್ನೂ ಏರುತ್ತದೆ. ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಬರೆದದ್ದು ಈ ಸುತ್ತಿನ ಬಗ್ಗೆಯೇ. ಕುರ್ಚಿ ತಿರುಗಿಸಿ ತಲೆಸುತ್ತು, ಸ್ಟ್ರಾದಿಂದ ಉಸಿರು ಕಟ್ಟಿದ ಹಾಗೆ ಬೇಕಂತಲೇ ಬರಿಸಿದಾಗ ಏನೂ ಆಗಲಿಲ್ಲ ಅಂತ ಮೈಯೇ ಕಲಿಯುತ್ತದೆ. ಜೇಬಲ್ಲಿ ಧೈರ್ಯಕ್ಕೆ ಅಂತ ಮಾತ್ರೆ ಇಟ್ಟುಕೊಳ್ಳುತ್ತೀರಾ? ಡಾಕ್ಟರರನ್ನು ಕೇಳಿ ಅದನ್ನೂ ನಿಧಾನ ಬಿಡಿ, ಇಲ್ಲದಿದ್ದರೆ ಮಾತ್ರೆ ಇದ್ದದ್ದಕ್ಕೇ ಬಚಾವಾದೆ ಅನಿಸುತ್ತದೆ.

ಈ ಚಿಕಿತ್ಸೆ ಕೊಡುವವರಿಗೆ ಒಂದು ಮಾತು: ಬಂದವರಿಗೆ ಹೃದ್ರೋಗ, ಮೂರ್ಛೆರೋಗ, ಆಸ್ತಮಾ, ಬಸಿರು ಇದ್ದರೆ ಮೊದಲು ವೈದ್ಯರನ್ನು ಕೇಳಿ. ಭಯ ಏರಿದ ಕೂಡಲೇ ನಿಲ್ಲಿಸಿಬಿಡಬೇಡಿ. ನಾನೂ ಶುರುವಿನಲ್ಲಿ ಪಾಪ ಅಂತ ನಿಲ್ಲಿಸುತ್ತಿದ್ದೆ.

ಉತ್ತರ, ಕೊಪ್ಪದವನು:
ನನಗೂ ಆಗಿತ್ತು. ನಮ್ಮಮ್ಮ ಹರಕೆ ಹೊತ್ತಿದ್ದರು, ಅದೂ ಇರಲಿ ಬಿಡಿ. ಉಡುಪಿ ದಾರಿಯಲ್ಲೇ ಬಸ್ಸಲ್ಲಿ ಮೊದಲು ಮೇಗರವಳ್ಳಿ ತನಕ ಹೋಗಿ, ಆಮೇಲೆ ಆಗುಂಬೆ, ಕೊನೆಗೆ ಘಾಟಿ ಇಳಿದು ಸೋಮೇಶ್ವರ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ ಕೇಳಿದವರು:
ನಿನ್ನೆ ಮೇಗರವಳ್ಳಿಗೆ ಹೋಗಿ ಬಂದೆ. ಬೆವರಿದೆ, ಇಳಿಯಲಿಲ್ಲ. ಮಾತ್ರೆ ಮಾತ್ರ ಜೇಬಲ್ಲೇ ಇತ್ತು.