ಅಪ್ಪನ ಯುಫೋನಿಯಂ ಮಕ್ಕಳ ಬ್ಯಾಂಡಿನ ಶ್ರುತಿಗೆ ಸೇರುತ್ತಿಲ್ಲ, ದೋಷ ಎಲ್ಲಿದೆ?

ಅಮ್ಮತ್ತಿಯ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಅಮ್ಮತ್ತಿ ಕಡೆಯವಳು, ಕಾಫಿ ಬೆಳೆಯುತ್ತೇನೆ. ನನ್ನ ಅಪ್ಪ ಸೇನೆಯ ಬ್ಯಾಂಡಿನಲ್ಲಿ ಹದಿನೇಳು ವರ್ಷ ಯುಫೋನಿಯಂ ನುಡಿಸಿದವರು. ಈ ವಾದ್ಯವನ್ನು ನೋಡದವರಿಗಾಗಿ ಹೇಳುತ್ತೇನೆ: ಮಗುವನ್ನು ಎತ್ತಿಕೊಂಡಂತೆ ತೋಳಿನಲ್ಲಿ ಹಿಡಿದು ನುಡಿಸುವ ದೊಡ್ಡ ಹಿತ್ತಾಳೆ ವಾದ್ಯ ಅದು. ಕಾರ್ನೆಟ್ ಎಂಬ ಸಣ್ಣ ತುತ್ತೂರಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ದನಿ ತುಂಬು ಕಂಠದ ಗಂಡಸು ಬಾಯಿ ಮುಚ್ಚಿ ಗುನುಗಿದಂತೆ ಇರುತ್ತದೆ.

ನಿವೃತ್ತರಾಗಿ ಊರಿಗೆ ಬಂದ ಮೇಲೆ, ಸಿದ್ದಾಪುರದ ಕಡೆ ಹಳೆಯ ಎಸ್ಟೇಟ್ ಬಂಗಲೆಯೊಂದರ ಸಾಮಾನು ಹರಾಜಾದಾಗ ಅಪ್ಪ ಒಂದು ಯುಫೋನಿಯಂ ಕೊಂಡು ತಂದರು. ಬೆಳ್ಳಿಯ ಲೇಪ, ಅದರ ಮೇಲೆ 'ಬೂಸಿ ಅಂಡ್ ಕಂಪನಿ, ಲಂಡನ್' ಎಂಬ ಕೆತ್ತನೆ. ಕಾಫಿ ಕೊಯ್ಲಿನ ದಿನಗಳಲ್ಲಿ ಕಣದ ಕಾಫಿಯನ್ನು ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚಿದ ಮೇಲೆ, ಕಣದ ಅಂಚಿನ ಕಟ್ಟೆಯ ಮೇಲೆ ಕುಳಿತು ನುಡಿಸುತ್ತಿದ್ದರು. ನಾನು ಬೆಳೆದದ್ದು ಆ ದನಿಯಲ್ಲಿ.

1994ರಲ್ಲಿ ವಿರಾಜಪೇಟೆಯ ಒಂದು ಮದುವೆಯಲ್ಲಿ ಅವರ ರೆಜಿಮೆಂಟಿನ ಹಳೆಯ ಗೆಳೆಯರು ಸೇರಿದರು. ಇಬ್ಬರ ಬಳಿ ಕಾರ್ನೆಟ್, ಒಬ್ಬರ ಬಳಿ ಟ್ರಾಂಬೋನ್ ಇತ್ತು. ಅಪ್ಪನೂ ಇದನ್ನು ತೆಗೆದುಕೊಂಡು ಹೋದರು. ಎಲ್ಲರೂ ಒಟ್ಟಿಗೆ ನುಡಿಸಿದಾಗ ಅಪ್ಪನ ವಾದ್ಯದ ಶ್ರುತಿ ಮಾತ್ರ ಮೇಲಕ್ಕೆ ನಿಂತಿತು. ಶ್ರುತಿ ಇಳಿಸಲು ಎಳೆಯುವ ಕೊಳವೆಯನ್ನು, ಅಂದರೆ ಸ್ಲೈಡನ್ನು, ಸ್ವಲ್ಪ ಎಳೆದು ನೋಡಿದರು. ಸಾಲಲಿಲ್ಲ. ಆ ವರ್ಷವೇ ಅವರ ಮುಂದಿನ ಎರಡು ಹಲ್ಲು ತೆಗೆಸಿದ್ದೆವು. ಮನೆಗೆ ಬಂದು "ಹಲ್ಲಿನ ಜೊತೆ ತುಟಿಯೂ ಹೋಯಿತು" ಎಂದವರು ಅದನ್ನು ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಿದರು. ಇನ್ನೂ ಒಂಬತ್ತು ವರ್ಷ ಬದುಕಿದ್ದರು, ಮತ್ತೆ ಕೆಳಗಿಳಿಸಲಿಲ್ಲ.

ಕಳೆದ ಮಳೆಗಾಲದ ಮುನ್ನ ಮಾಡಿನ ಹೆಂಚು ಬದಲಿಸುವಾಗ ಪೆಟ್ಟಿಗೆ ಇಳಿಯಿತು. ನಮ್ಮೂರಿನ ಹತ್ತಿರದ ಒಂದು ಶಾಲೆಯಲ್ಲಿ ಹದಿನೆಂಟು ಹುಡುಗಿಯರ ಬ್ರಾಸ್ ಬ್ಯಾಂಡ್, ಅಂದರೆ ಹಿತ್ತಾಳೆ ವಾದ್ಯಗಳ ತಂಡ ಇದೆ. ವಾದ್ಯಗಳು ಮೀರತ್ತಿನಿಂದ ತರಿಸಿದವು. ಶಾಲಾ ಬ್ಯಾಂಡುಗಳ ಸ್ಪರ್ಧೆಗೆ ತಯಾರಾಗುತ್ತಿದ್ದಾರೆ. ಕಾರ್ನೆಟ್ ನುಡಿಸುವ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಗೆ ಇದನ್ನು ನುಡಿಸುವ ಆಸೆ. ಸ್ವರ ಬದಲಿಸಲು ಬೆರಳಿನಿಂದ ಒತ್ತುವ ಪಿಸ್ಟನ್‌ಗಳ ಕಿಲುಬು ಬಿಡಿಸಿ ಎಣ್ಣೆ ಹಾಕಿಕೊಟ್ಟೆ. ಎರಡೇ ವಾರದಲ್ಲಿ ಚೆನ್ನಾಗಿ ದನಿ ಹೊರಡಿಸಿದಳು. ಆದರೆ ಮೊಬೈಲಿನ ಶ್ರುತಿ ಅಳೆಯುವ ಆ್ಯಪ್ ಇಟ್ಟು ನೋಡಿದರೆ, ಪಿಸ್ಟನ್ ಒತ್ತದೆ ಬರುವ ಒಂದೇ ಸ್ವರಕ್ಕೆ ಮಕ್ಕಳ ಕಾರ್ನೆಟ್ ಸೆಕೆಂಡಿಗೆ 233 ಕಂಪನ ತೋರಿಸುತ್ತದೆ, ಇದು 240 ತೋರಿಸುತ್ತದೆ. ಬ್ಯಾಂಡ್ ಕಲಿಸುವವರು "ಹಳೆಯದು, ಕೆಟ್ಟಿದೆ, ಗಾಜಿನ ಬೀರುವಿನಲ್ಲಿ ಇಡಿ" ಎಂದರು. ಸ್ಲೈಡ್ ಈಗ ಪೂರ್ತಿ ಒಳಗೆ ಕಚ್ಚಿಕೊಂಡು ಕೂತಿದೆ, ಕದಲುವುದೇ ಇಲ್ಲ.

ವಾದ್ಯ ನಿಜವಾಗಿ ಕೆಟ್ಟಿದೆಯೇ? ಇನ್ನೊಂದು ತೊಡಕು: ಅಪ್ಪನ ಕೈಬರಹದ ಸ್ವರಪುಸ್ತಕವನ್ನು ಹುಡುಗಿಗೆ ಕೊಟ್ಟರೆ ಅವಳಿಗೆ ಒಂದು ಸಾಲೂ ಓದಲಾಗಲಿಲ್ಲ. ಶಾಲೆಯ ಹಾಳೆಗಳನ್ನು ಮಾತ್ರ ಸರಾಗವಾಗಿ ಓದುತ್ತಾಳೆ. ದಯವಿಟ್ಟು ಬಲ್ಲವರು ಹೇಳಿ.

ನಿವೃತ್ತ ವಾದಕ, ಮೈಸೂರು

ತಾಯಿ, ವಾದ್ಯವೂ ಕೆಟ್ಟಿಲ್ಲ, ನಿಮ್ಮ ತಂದೆಯವರ ತುಟಿಯೂ ಕೆಟ್ಟಿರಲಿಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದಿ. ನಾನು ಪೊಲೀಸ್ ಬ್ಯಾಂಡಿನಲ್ಲಿದ್ದವನು. ದಸರೆಗೆ ಅರಮನೆಯ ಮುಂದೆ ನುಡಿಸಿದವನು.

ಇಂದು ಎಲ್ಲೆಡೆ ಮಧ್ಯದ 'ಎ' ಸ್ವರಕ್ಕೆ ಸೆಕೆಂಡಿಗೆ 440 ಕಂಪನ ಎಂದು ಒಪ್ಪಿಕೊಂಡಿದ್ದೇವೆ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದ ಎತ್ತರದ ಶ್ರುತಿ 452.5. ಸೇನೆಯ ಬ್ಯಾಂಡುಗಳು ಅದನ್ನು 1920ರ ದಶಕದ ಕೊನೆಯಲ್ಲಿ ಬಿಟ್ಟವು. ಗಿರಣಿ ಮತ್ತು ಗಣಿ ಕಾರ್ಮಿಕರ ಬ್ರಾಸ್ ಬ್ಯಾಂಡುಗಳಿಗೆ ಎಲ್ಲ ವಾದ್ಯಗಳನ್ನೂ ಒಮ್ಮೆಗೇ ಬದಲಿಸುವಷ್ಟು ಹಣ ಎಲ್ಲಿಂದ ಬರಬೇಕು? ಅವು 1960ರ ದಶಕದವರೆಗೂ ಅದೇ ಎತ್ತರದ ಶ್ರುತಿಯಲ್ಲಿ ನುಡಿಸಿದವು. ಬೂಸಿ ಕಂಪನಿ 1930ರಲ್ಲಿ ಹಾಕ್ಸ್ ಕಂಪನಿಯೊಂದಿಗೆ ಸೇರಿ 'ಬೂಸಿ ಅಂಡ್ ಹಾಕ್ಸ್' ಆಯಿತು. ನಿಮ್ಮದರ ಮೇಲೆ ಬರೀ ಬೂಸಿ ಎಂದಿರುವುದರಿಂದ ಅದು ಅದಕ್ಕೂ ಹಿಂದಿನದು. 'ಎ' ಏರಿದರೆ ಉಳಿದ ಸ್ವರಗಳೂ ಅದೇ ಪ್ರಮಾಣದಲ್ಲಿ ಏರುತ್ತವೆ, ಲೆಕ್ಕ ಹಾಕಿ ನೋಡಿ: 233ನ್ನು 440ರಿಂದ ಭಾಗಿಸಿ 452.5ರಿಂದ ಗುಣಿಸಿದರೆ 239.6 ಬರುತ್ತದೆ. ನಿಮ್ಮ ಮೊಬೈಲ್ ತೋರಿಸಿದ್ದು ಅದನ್ನೇ. ನಮ್ಮ ಕರ್ನಾಟಕ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಷಡ್ಜಕ್ಕೂ ಶುದ್ಧ ರಿಷಭಕ್ಕೂ ನಡುವೆ ಇರುವ ಅಂತರದ ಅರ್ಧದಷ್ಟು ಮೇಲೆ ಆ ವಾದ್ಯ ಕುಳಿತಿದೆ. ಅದು ತನ್ನ ಶ್ರುತಿಯಲ್ಲಿ ಸರಿಯಾಗಿಯೇ ಇದೆ.

ನಾವೆಲ್ಲ ಶ್ರುತಿ ಕೂಡದಿದ್ದರೆ ಸ್ಲೈಡನ್ನು ಒಂದು ಸೆಂಟಿಮೀಟರ್ ಎಳೆದು ನೋಡುತ್ತೇವೆ. ಅಷ್ಟಕ್ಕೂ ಕೂಡದಿದ್ದರೆ ನಮ್ಮ ತುಟಿಯನ್ನೇ ಅನುಮಾನಿಸುತ್ತೇವೆ. ಸೇನೆಯಲ್ಲಿ ಸರಿಯಾದ ಶ್ರುತಿಯ ವಾದ್ಯವನ್ನೇ ನುಡಿಸಿದ ನಿಮ್ಮ ತಂದೆಯವರಿಗೆ, ಹಲ್ಲು ತೆಗೆಸಿದ ವರ್ಷವೇ ಹೀಗಾದಾಗ, ಬೇರೆ ಏನು ತೋಚಬೇಕು? ಕಣದ ಕಟ್ಟೆಯ ಮೇಲೆ ಒಬ್ಬರೇ ನುಡಿಸುವಾಗ ಅದು ತಿಳಿಯುವ ದಾರಿಯೇ ಇರಲಿಲ್ಲ.

ಈಗ ಕೆಲಸಕ್ಕೆ ಬರೋಣ. ಯುಫೋನಿಯಂ ಕೊಳವೆಯ ಉದ್ದ ಸುಮಾರು ಒಂಬತ್ತು ಅಡಿ. ಶ್ರುತಿ 440ಕ್ಕೆ ಇಳಿಯಬೇಕಾದರೆ ಅದು ಸುಮಾರು 8 ಸೆಂಟಿಮೀಟರ್ ಉದ್ದವಾಗಬೇಕು. ಸ್ಲೈಡಿಗೆ ಎರಡು ಕಾಲು ಇರುವುದರಿಂದ 4 ಸೆಂಟಿಮೀಟರ್ ಎಳೆದರೆ ಸಾಕು. ಪಿಸ್ಟನ್‌ಗಳ ಸಣ್ಣ ಸ್ಲೈಡುಗಳನ್ನೂ ಅದೇ ಪ್ರಮಾಣದಲ್ಲಿ ಎಳೆಯಬೇಕು: ಒಂದನೆಯದು 5 ಮಿಲಿಮೀಟರ್, ಎರಡನೆಯದು 2, ಮೂರನೆಯದು 7ರ ಆಸುಪಾಸು. ಇದನ್ನು ಮರೆತರೆ ಪಿಸ್ಟನ್ ಒತ್ತದ ಸ್ವರಗಳು ಕೂಡುತ್ತವೆ, ಒತ್ತಿದವು ಕೂಡುವುದಿಲ್ಲ.

ಕಚ್ಚಿಕೊಂಡ ಸ್ಲೈಡಿಗೆ ಸುತ್ತಿಗೆಯನ್ನೂ ಪ್ಲಂಬರನ ಇಕ್ಕಳವನ್ನೂ ಯಾರೂ ಮುಟ್ಟಿಸಬಾರದು. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸಂದಿಗೆ ದಿನಕ್ಕೆರಡು ಹನಿಯಂತೆ ಮೂರು ನಾಲ್ಕು ದಿನ ಬಿಡಿ. ಆಮೇಲೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಬೆಚ್ಚಗೆ ಮಾಡಿ, ಸ್ಲೈಡಿನ ಬಾಗಿನೊಳಗೆ ಗಟ್ಟಿ ಪಟ್ಟಿ ತೂರಿಸಿ, ನೇರವಾಗಿ ಎಳೆಯಿರಿ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಬೆಳ್ಳಿಯ ಲೇಪ ಹೋಗುತ್ತದೆ.

ಸ್ವರಪುಸ್ತಕದ ವಿಷಯ: ಸೇನೆಯ ಬ್ಯಾಂಡಿನಲ್ಲಿ ಯುಫೋನಿಯಂಗೆ ಸಾಮಾನ್ಯವಾಗಿ ತಗ್ಗಿನ ಸ್ವರಗಳ ಬರಹವಾದ ಬಾಸ್ ಕ್ಲೆಫ್‌ನಲ್ಲಿ ಬರೆಯುತ್ತಾರೆ. ಹುಡುಗಿ ಓದುವುದು ಎತ್ತರದ ಸ್ವರಗಳ ಬರಹವಾದ ಟ್ರೆಬಲ್ ಕ್ಲೆಫ್. ಯಾರಾದರೂ ಕುಳಿತು ಒಂದೊಂದೇ ಪುಟವನ್ನು ಬದಲಿಸಿ ಬರೆದುಕೊಡಬೇಕು. ಬೆಳಕಿನಲ್ಲಿ ಫೋಟೋ ತೆಗೆದು ಕಳುಹಿಸಿ, ನಾನು ಬರೆದುಕೊಡುತ್ತೇನೆ.

ಹಡರ್ಸ್‌ಫೀಲ್ಡಿನಿಂದ

ಅಕ್ಕ, ನಾನು ಸೋಮವಾರಪೇಟೆಯವಳು. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹನ್ನೊಂದು ವರ್ಷದಿಂದ ನರ್ಸ್ ಆಗಿದ್ದೇನೆ. ನಿಮ್ಮ ಯುಫೋನಿಯಂ ಹುಟ್ಟಿದ ಕಾಲದ ಸಂಗೀತ ಇಲ್ಲಿ ಇನ್ನೂ ಬೀದಿಯಲ್ಲಿ ಜೀವಂತವಾಗಿದೆ. ಹತ್ತಿರದ ಕ್ವೀನ್ಸ್‌ಬರಿ ಎಂಬ ಗುಡ್ಡದ ಊರಿನಲ್ಲಿ ಬಟ್ಟೆ ಗಿರಣಿಯ ಆಸರೆಯಲ್ಲಿ 1855ರಲ್ಲಿ ಕಟ್ಟಿದ ಬ್ಲ್ಯಾಕ್ ಡೈಕ್ ಬ್ಯಾಂಡ್ ಇಂದಿಗೂ ಅಗ್ರಪಂಕ್ತಿಯಲ್ಲಿದೆ.

ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ 1853ರಲ್ಲಿ ಶುರುವಾದ ಬ್ರಾಸ್ ಬ್ಯಾಂಡ್ ಸ್ಪರ್ಧೆಯೇ ಇಂದಿನ ಬ್ರಿಟಿಷ್ ಓಪನ್. ದೊಡ್ಡ ಸ್ಪರ್ಧೆಗಳಲ್ಲಿ ಎಲ್ಲ ಬ್ಯಾಂಡುಗಳೂ ಒಂದೇ ಕೃತಿಯನ್ನು ನುಡಿಸಬೇಕು. ಮೊದಲು ಯಾರು, ಆಮೇಲೆ ಯಾರು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ತೀರ್ಪುಗಾರರು ಪರದೆ ಮುಚ್ಚಿದ ಗೂಡಿನೊಳಗೆ ಕೂರುತ್ತಾರೆ, ಅವರಿಗೆ ಕಿವಿ ಬಿಟ್ಟರೆ ಬೇರೆ ಆಧಾರವಿಲ್ಲ. ನಿಮ್ಮ ಹುಡುಗಿಯರು ಒಂದು ದಿನ ಹೀಗೆ ಅಭ್ಯಾಸ ಮಾಡಲಿ: ಕೇಳುವವರು ಗೋಡೆಯ ಆಚೆ ಕೂರಲಿ. ಸಮವಸ್ತ್ರ, ಹೆಜ್ಜೆ ಯಾವುದೂ ಕಾಣದಿದ್ದಾಗ ಶ್ರುತಿ ಎಲ್ಲಿ ಜಾರುತ್ತದೆ ಎಂಬುದು ಗೊತ್ತಾಗುತ್ತದೆ.

ನನಗೆ ಅತಿ ಇಷ್ಟವಾದದ್ದು ವಿಟ್ ಫ್ರೈಡೇ. ಜೂನ್ ಆಸುಪಾಸಿನ ಒಂದು ಶುಕ್ರವಾರ ಸಂಜೆ ಬ್ಯಾಂಡುಗಳು ಬಸ್ಸಿನಲ್ಲಿ ಸ್ಯಾಡಲ್‌ವರ್ತ್ ಭಾಗದ ಹಳ್ಳಿಯಿಂದ ಹಳ್ಳಿಗೆ ಓಡುತ್ತವೆ, ಬೀದಿಯಲ್ಲಿ ಒಂದು ಮಾರ್ಚ್ ನುಡಿಸುತ್ತ ನಡೆದು, ನಿಂತು ಇನ್ನೊಂದನ್ನು ಸ್ಪರ್ಧೆಗೆಂದು ನುಡಿಸುತ್ತವೆ. ತೀರ್ಪುಗಾರ ಯಾವುದೋ ಮನೆಯ ಮಹಡಿಯಲ್ಲೋ ಕ್ಯಾರವಾನಿನಲ್ಲೋ ಅಡಗಿ ಕುಳಿತಿರುತ್ತಾನೆ. ಮೊದಲ ಸಲ ನೋಡಿದಾಗ ಮಡಿಕೇರಿ ದಸರೆಯ ರಾತ್ರಿ ಹತ್ತು ಮಂಟಪಗಳು ಒಂದರ ಹಿಂದೆ ಒಂದು ಬರುವುದಕ್ಕೆ ಅಪ್ಪನ ಹೆಗಲ ಮೇಲೆ ಕುಳಿತು ಕಾದದ್ದು ನೆನಪಾಗಿ ಅಲ್ಲಿಯೇ ಅತ್ತುಬಿಟ್ಟೆ.

ಒಂದು ಉಪಯುಕ್ತ ಸಂಗತಿ: ಇಲ್ಲಿನ ಬ್ರಾಸ್ ಬ್ಯಾಂಡಿನಲ್ಲಿ ಬಾಸ್ ಟ್ರಾಂಬೋನ್ ಒಂದನ್ನು ಬಿಟ್ಟು ಸ್ವರವಾದ್ಯಗಳಿಗೆಲ್ಲ ಟ್ರೆಬಲ್ ಕ್ಲೆಫ್‌ನಲ್ಲೇ ಬರೆಯುತ್ತಾರೆ. ಕಾರ್ನೆಟ್ ನುಡಿಸುವವಳು ಯುಫೋನಿಯಂ ಎತ್ತಿಕೊಂಡರೆ ಬರಹವೂ ಅದೇ, ಬೆರಳೂ ಅದೇ. ಆದ್ದರಿಂದ ಬ್ರಾಸ್ ಬ್ಯಾಂಡಿನ ಹಾಳೆಗಳನ್ನೇ ತರಿಸಿ. ಇಂಗ್ಲಿಷ್ ಸಂಗೀತ ರಚನಕಾರ ಗುಸ್ತಾವ್ ಹೋಲ್ಸ್ಟ್ 1928ರ ರಾಷ್ಟ್ರೀಯ ಸ್ಪರ್ಧೆಗೆ ಬರೆದ 'ಎ ಮೂರ್‌ಸೈಡ್ ಸೂಟ್' ದೊಡ್ಡ ಬ್ಯಾಂಡಿನ ಹಲವು ಭಾಗಗಳ ಕೃತಿಯೇ ಆದರೂ ಅದರ ನಡುವಿನ ನಿಧಾನ ಭಾಗವನ್ನು ಮಕ್ಕಳಿಗೆ ಕೇಳಿಸಿ. ಹೋಲ್ಸ್ಟ್ ಸ್ವತಃ ಟ್ರಾಂಬೋನ್ ವಾದಕರಾಗಿದ್ದರು. ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ತಾವೇ ಅನುವಾದಿಸಿ ಸಂಗೀತಕ್ಕೆ ಅಳವಡಿಸಿದವರು.

ನಿವೃತ್ತ ವಾದಕ, ಮೈಸೂರು

ಹಡರ್ಸ್‌ಫೀಲ್ಡಿನ ತಂಗಿ ಹೋಲ್ಸ್ಟ್ ಹೆಸರು ಎತ್ತಿದ್ದು ಒಳ್ಳೆಯದಾಯಿತು. ಅವರು ಸೇನಾ ಬ್ಯಾಂಡಿಗಾಗಿ 1911ರಲ್ಲಿ ಬರೆದ ಎರಡನೆಯ ಸೂಟಿನ ಮೊದಲ ಭಾಗದಲ್ಲಿ ಯುಫೋನಿಯಂ ಮುಂದೆ ನಿಂತು ಹಾಡುವ ಒಂದು ಜಾಗವಿದೆ. ಅಮ್ಮತ್ತಿಯ ತಾಯಿ, ನಿಮ್ಮ ತಂದೆಯವರ ಪುಸ್ತಕದಲ್ಲಿ ಅದನ್ನು ಹುಡುಕಿ.

ನಾಪೋಕ್ಲು ಕೊಂಬು

ಅಕ್ಕ, ನಾನು ಬ್ಯಾಂಡಿನವನಲ್ಲ, ಕೊಂಬು ಊದುವವನು. ನಮ್ಮ ಕೊಂಬಿಗೆ ಪಿಸ್ಟನ್ನೂ ಇಲ್ಲ, ಸ್ಲೈಡೂ ಇಲ್ಲ. ತುಟಿಯ ಬಿಗಿಯಿಂದಲೇ ಕೆಳಗಿನ ಸ್ವರ, ಮೇಲಿನ ಸ್ವರ ಎಲ್ಲವನ್ನೂ ಹೊರಡಿಸಬೇಕು. ನಿಮ್ಮ ಹುಡುಗಿಗೆ ಒಂದು ಅಭ್ಯಾಸ ಹೇಳುತ್ತೇನೆ: ದಿನಾ ಹತ್ತು ನಿಮಿಷ ಪಿಸ್ಟನ್ ಮುಟ್ಟದೆ ಊದಲಿ. ಬರೀ ತುಟಿಯಲ್ಲಿ ಎಷ್ಟು ಸ್ವರ ಬರುತ್ತದೋ ಅಷ್ಟನ್ನೂ ಮೇಲಕ್ಕೆ, ಕೆಳಕ್ಕೆ, ಉಸಿರು ಕಡಿಯದೆ ಊದಲಿ. ಕಾರ್ನೆಟ್ಟಿನ ಸಣ್ಣ ಬಾಯಿಗೆ ಒಗ್ಗಿದ ತುಟಿ ದೊಡ್ಡ ಬಾಯಿಗೆ ಸಡಿಲಾಗುವುದು ಹೀಗೆಯೇ.

ಇನ್ನೊಂದು ಮಾತು ಚಳಿಯದು. ಮಂಜಿನ ಬೆಳಿಗ್ಗೆ ಕೊಂಬು ಎತ್ತಿದರೆ ಶ್ರುತಿ ಇಳಿದಿರುತ್ತದೆ, ಊದುತ್ತ ಊದುತ್ತ ಏರುತ್ತದೆ. ತಣ್ಣಗಿನ ಗಾಳಿಯಲ್ಲಿ ಶಬ್ದದ ವೇಗ ಕಡಿಮೆ ಎಂದು ನನ್ನ ಮಗ ಪಾಠದಲ್ಲಿ ಓದಿ ಹೇಳಿದ. ಸಣ್ಣ ಕಾರ್ನೆಟ್ ಬೇಗ ಬೆಚ್ಚಗಾಗುತ್ತದೆ, ನಿಮ್ಮ ದೊಡ್ಡ ವಾದ್ಯಕ್ಕೆ ಹೊತ್ತು ಬೇಕು. ವಾದ್ಯ ಬೆಚ್ಚಗಾಗುವ ಮೊದಲು ಮೊಬೈಲ್ ಇಟ್ಟು ಅಳೆಯಬೇಡಿ.

ಅಮ್ಮತ್ತಿಯ ಮಗಳು

ಐದು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಣ್ಣೆ ಬಿಟ್ಟ ನಾಲ್ಕನೆಯ ದಿನ ಬಿಸಿಬಟ್ಟೆ ಸುತ್ತಿ, ನನ್ನ ತಮ್ಮ ವಾದ್ಯವನ್ನು ಅಪ್ಪಿ ಹಿಡಿದುಕೊಂಡ, ನಾನು ಪಟ್ಟಿ ಎಳೆದೆ. ಮೂರನೆಯ ಸಲಕ್ಕೆ ಸ್ಲೈಡ್ ಹೊರಗೆ ಬಂತು. ಕಿಲುಬು ಒರೆಸಿದಾಗ ಎರಡೂ ಕಾಲುಗಳ ಮೇಲೆ ಉಗುರಿನಲ್ಲಿ ಗೀಚಿದಷ್ಟು ತೆಳುವಾದ ಒಂದೊಂದು ಗೆರೆ ಕಂಡಿತು. ಅಳೆದೆ. ಬಾಗಿನ ಕಡೆಯ ತುದಿಯಿಂದ ಸರಿಯಾಗಿ ಒಂದು ಸೆಂಟಿಮೀಟರ್. ಅಪ್ಪ ಆ ಮದುವೆಯಲ್ಲಿ ಎಳೆದು ನೋಡಿ ಗುರುತು ಮಾಡಿಕೊಂಡದ್ದು ಅಲ್ಲಿಯವರೆಗೆ.

ನಾವು 4 ಸೆಂಟಿಮೀಟರ್ ಎಳೆದೆವು. ಹುಡುಗಿ ಕಾಲು ಗಂಟೆ ಊದಿ ಬೆಚ್ಚಗೆ ಮಾಡಿಕೊಂಡಳು. ಮೊಬೈಲ್ 234 ತೋರಿಸಿತು. ಇನ್ನೊಂದು ಕೂದಲೆಳೆ ಎಳೆದಾಗ 233. ಶನಿವಾರ ಅಭ್ಯಾಸಕ್ಕೆ ತೆಗೆದುಕೊಂಡು ಹೋದೆವು. ಬ್ಯಾಂಡ್ ಕಲಿಸುವವರು ಹದಿನೆಂಟು ಮಂದಿಯಿಂದಲೂ ಒಂದೇ ಉದ್ದ ಸ್ವರ ಹಿಡಿಸಿ, ಕಣ್ಣು ಮುಚ್ಚಿ ಕೇಳಿ, ಏನೂ ಹೇಳದೆ ಅವಳ ಕುರ್ಚಿಯನ್ನು ಮುಂದಿನ ಸಾಲಿಗೆ ತಂದು ಹಾಕಿದರು.

ಮೈಸೂರಿನ ಹಿರಿಯರೇ, ಹೋಲ್ಸ್ಟರ ಆ ಭಾಗ ಅಪ್ಪನ ಪುಸ್ತಕದಲ್ಲಿದೆ. ಮೊಬೈಲಿನಲ್ಲಿ ಹಾಕಿ ಕೇಳಿದೆ. ಕಣದಲ್ಲಿ ಎಷ್ಟೋ ಸಂಜೆ ಕೇಳಿದ ಧಾಟಿ ಅದು, ಇಷ್ಟು ವರ್ಷ ಅದನ್ನು ಅಪ್ಪನೇ ಕಟ್ಟಿದ್ದು ಎಂದುಕೊಂಡಿದ್ದೆ. ಆ ನಾಲ್ಕು ಪುಟಗಳ ಫೋಟೋ ಕಳುಹಿಸುತ್ತಿದ್ದೇನೆ, ಮೊದಲು ಅವನ್ನೇ ಬದಲಿಸಿ ಬರೆದುಕೊಡಿ. ಮೂರನೆಯ ಪಿಸ್ಟನ್ನಿನ ಕೆಳಗಿನ ಮೆತ್ತನೆಯ ಉಣ್ಣೆ ಬಿಲ್ಲೆ (ಫೆಲ್ಟ್) ಪುಡಿಯಾಗಿದೆ, ಒತ್ತಿದಾಗಲೆಲ್ಲ ಟಕ್ ಎನ್ನುತ್ತದೆ. ಮೈಸೂರಿನಲ್ಲಿ ಸಿಗಬಹುದೇ?

ನಿವೃತ್ತ ವಾದಕ, ಮೈಸೂರು

ಹಳೆಯ ಫೆಲ್ಟಿನ ಹೊರಗಿನ ಅಳತೆ, ಒಳರಂಧ್ರದ ಅಳತೆ, ದಪ್ಪ, ಈ ಮೂರನ್ನೂ ಮಿಲಿಮೀಟರಿನಲ್ಲಿ ಬರೆದು ಕಳುಹಿಸಿ ತಾಯಿ. ನನ್ನ ಪೆಟ್ಟಿಗೆಯಲ್ಲಿಯೇ ಇದೆ, ಕತ್ತರಿಸಿ ಅಂಚೆಗೆ ಹಾಕುತ್ತೇನೆ. ಪುಟಗಳು ಬಂದವು. ನಿಮ್ಮ ತಂದೆಯವರ ಬರಹ ಅಚ್ಚಿನಷ್ಟು ಸ್ಪಷ್ಟವಾಗಿದೆ. ಭಾನುವಾರ ರಾತ್ರಿಯೊಳಗೆ ಬರೆದು ಮುಗಿಸುತ್ತೇನೆ.